ಚಾಂಪಿಯನ್ ರೀಫ್ಸಿನಲ್ಲೇ ಉಳಿದ ಫೋನು

ಬೆಂಗಳೂರಿನಿಂದ ಬೆಳಗಿನ ರೈಲು ಹತ್ತಿ ಬಂಗಾರಪೇಟೆಯಲ್ಲಿ ಇಳಿದಾಗ ಒಂಬತ್ತು ದಾಟಿತ್ತು. ಎಪ್ಪತ್ತು ಕಿಲೋಮೀಟರು ದಾರಿಯಲ್ಲಿ ಅರ್ಧವನ್ನು ನಿಂತೇ ಬಂದಿದ್ದೆ. ನಿಲ್ದಾಣದ ಎದುರು ನಾಲ್ಕು ಇಡ್ಲಿ ತಿಂದು ಕೆ.ಜಿ.ಎಫ್. ಬಸ್ಸು ಹಿಡಿದೆ.

ವಯಸ್ಸಾದವರು ಮೊಬೈಲನ್ನು ಹೇಗೆ ಬಳಸುತ್ತಾರೆ ಎಂಬುದು ನನ್ನ ಸಂಶೋಧನೆ. ಮೂರು ತಿಂಗಳ ಹಿಂದೆ ಈ ಕಡೆಯ ಕೆಲವು ಹಿರಿಯರಿಗೆ ಒಂದೊಂದು ಫೋನು ಕೊಟ್ಟು, ಬಳಸುವುದನ್ನು ಹೇಳಿಕೊಟ್ಟು ಹೋಗಿದ್ದೆ. ಅವರಲ್ಲಿ ಇಬ್ಬರು ಒಂದು ಕರೆಯನ್ನೂ ಮಾಡಿರಲಿಲ್ಲ. ಕಾರಣ ಬರೆಯುವ ಜಾಗದಲ್ಲಿ ನಾನು ಇಬ್ಬರಿಗೂ ‘ಭಯ’ ಎಂದು ಬರೆದಿದ್ದೆ. ಆ ಎರಡು ಫೋನು ವಾಪಸ್ ಪಡೆದು ಬೇರೆಯವರಿಗೆ ಕೊಡುವಂತೆ ನಮ್ಮ ಪ್ರೊಫೆಸರು ಹೇಳಿದ್ದರಿಂದಲೇ ಹೊರಟಿದ್ದೆ.

ಕೆ.ಜಿ.ಎಫ್.ನ ಚಾಂಪಿಯನ್ ರೀಫ್ಸಿನಲ್ಲಿ ಗಾಳಿ ಜೋರಾಗಿತ್ತು. ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬದ ಬಿಳಿ ಧೂಳು ಎದ್ದು ಬಂದು ಕಣ್ಣು ಉರಿಯುತ್ತಿತ್ತು. ಗಣಿ ಕಾರ್ಮಿಕರಿಗೆಂದು ಕಟ್ಟಿದ ಸಾಲುಮನೆಗಳಲ್ಲಿ ಕೊನೆಯದು ಆ ಇಬ್ಬರಲ್ಲಿ ಒಬ್ಬರಾದ ಕಮಲಮ್ಮನವರದು. ಅವರಿಗೆ ಎಪ್ಪತ್ತು ದಾಟಿದೆ, ತವರು ಬೇತಮಂಗಲದ ಕಡೆ. ಗಂಡ ವೆಂಕಟಪ್ಪ ಗಣಿ ಮುಚ್ಚುವವರೆಗೂ ಒಳಗಿಳಿದು ದುಡಿದವರು. ಗಣಿಯ ಧೂಳು ಈಗಲೂ ಅವರ ಎದೆಯಲ್ಲಿದೆ. ಒಂದು ಮಾತು ಮುಗಿಸಲು ಎರಡು ಸಲ ಉಸಿರೆಳೆಯುತ್ತಾರೆ.

ಕಾಫಿ ಕೊಟ್ಟ ಮೇಲೆ ನಾನು ಬಂದ ಕೆಲಸ ಹೇಳಿದೆ. ಕಮಲಮ್ಮ ಫೋನನ್ನು ಮಡಿಲಲ್ಲಿಟ್ಟುಕೊಂಡು ಸೆರಗು ಮುಚ್ಚಿದರು.

“ಕೊಡಲ್ಲ ಕಣಮ್ಮ.”

ಯಾಕೆಂದು ಅವರೇ ಹೇಳಿದರು. ಹಿಂದಿನ ತಿಂಗಳು ಒಂದು ಮಧ್ಯಾಹ್ನ ವೆಂಕಟಪ್ಪನವರಿಗೆ ಉಸಿರು ಸಿಕ್ಕಿಕೊಂಡು ತುಟಿ ನೀಲಿಯಾಗಿತ್ತು. ಕಮಲಮ್ಮ ಫೋನು ತೆಗೆದು, ಮುಟ್ಟಿದರೆ ಕರೆ ಹೋಗಲೆಂದು ನಾನು ಪರದೆಯಲ್ಲಿ ಹಾಕಿಕೊಟ್ಟಿದ್ದ, ಆಟೋ ಓಡಿಸುವ ಸೆಲ್ವನ ಫೋಟೋವನ್ನು ಒತ್ತಿದ್ದರು. ಕರೆ ಹೋಗಲಿಲ್ಲ. ಮತ್ತೆ ಮತ್ತೆ ಒತ್ತಿ, ಕೊನೆಗೆ ಬರಿಗಾಲಲ್ಲಿ ಆಟೋ ನಿಲ್ಲುವ ತಿರುವಿನವರೆಗೂ ಓಡಿ ಸೆಲ್ವನನ್ನು ಕರೆತಂದಿದ್ದರು. ಇನ್ನು ಸ್ವಲ್ಪ ತಡವಾಗಿದ್ದರೂ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರಂತೆ. ಮುಂದಿನ ಸಲ ಓಡಲು ಆಗದಿದ್ದರೆ ಈ ಫೋನೇ ಗತಿ, ಇದನ್ನು ಒತ್ತುವುದು ಕಲಿಯಲೇಬೇಕು ಎಂದರು.

ಫೋನು ಮುಟ್ಟಲು ಭಯವಾಗುತ್ತಿತ್ತೇ ಎಂದು ಕೇಳಿದೆ.

“ಬಯ ಅಂತ ಯಾರಮ್ಮ ಯೋಳಿದ್ದು? ಭೂಮಿಯೊಳಕ್ಕೆ ಇಳಿಯೋ ಗಂಡನ್ನ ಇಪ್ಪತ್ತೈದು ವರ್ಸ ದಿನಾ ಬುತ್ತಿ ಕಟ್ಟಿ ಕಳ್ಸಿದೀನಿ. ಈ ಡಬ್ಬಿಗೆ ಬಯಬೀಳ್ತೀನಾ?”

ಹಾಗೆ ಬರೆದವಳು ನಾನೇ ಎಂದು ಒಪ್ಪಿಕೊಂಡೆ. ಹಿಂದಿನ ಸಲ ನಾನು ಒತ್ತಿ ತೋರಿಸಿದ್ದೆನೇ ಹೊರತು ಅವರು ಒತ್ತುವುದನ್ನು ಕೂತು ನೋಡಿರಲಿಲ್ಲ. ಈಗ ಪಕ್ಕದಲ್ಲಿ ಕೂತು, ಒತ್ತಿ ತೋರಿಸಿ ಎಂದೆ.

ಗದ್ದೆ ಕೆಲಸ, ಸೌದೆ, ಗಾರೆ ಎಲ್ಲ ಕಂಡ ಬೆರಳು ಅದು. ತುದಿ ಒಣಗಿ ಗಟ್ಟಿಯಾಗಿತ್ತು. ಮೊದಲ ಸಲ ಒತ್ತಿದಾಗ ಗಾಜಿಗೆ ಗೊತ್ತೇ ಆಗಲಿಲ್ಲ. ಎರಡನೆಯ ಸಲ ಬಲವಾಗಿ ಒತ್ತಿ ಹಾಗೇ ಹಿಡಿದರು. ಸೆಲ್ವನ ಫೋಟೋ ಅಲುಗಾಡಿತು, ಮೇಲೆ ‘ತೆಗೆದುಹಾಕಿ’ ಎಂಬ ಪದ ಬಂತು.

“ನೋಡು, ನಾನು ಕರೀ ಅಂದ್ರೆ ಇದು ತೆಗೆದಾಕ್ಲಾ ಅಂತದೆ,” ಎಂದರು.

ನನಗೆ ನಾಚಿಕೆಯಾಯಿತು. ನಿಧಾನಕ್ಕೆ ಒತ್ತುವ ಕೈಯನ್ನು ಆ ಫೋನು ಬೇರೆಯೇ ಅರ್ಥ ಮಾಡಿಕೊಳ್ಳುತ್ತಿತ್ತು. ಸೆಟ್ಟಿಂಗಿಗೆ ಹೋಗಿ, ಸ್ವಲ್ಪ ಹೆಚ್ಚು ಹೊತ್ತು ಒತ್ತಿ ಹಿಡಿದರೂ ಕರೆಯೇ ಹೋಗುವಂತೆ ಸಮಯದ ಮಿತಿ ಹೆಚ್ಚಿಸಿದೆ. ಪರದೆಯ ಸೂಕ್ಷ್ಮತೆಯನ್ನೂ ಏರಿಸಿ, ಸೆಲ್ವನ ಫೋಟೋವನ್ನು ಅಂಗೈಯಗಲ ಮಾಡಿದೆ. ಆದರೂ ಮೂರು ಸಲ ತಪ್ಪಿತು. ಸಾಕು, ಸುಧಾರಿಸಿಕೊಳ್ಳಿ ಎಂದೆ, ಅವರು ಕೇಳಲಿಲ್ಲ. ಒದ್ದೆ ಬಟ್ಟೆಯಲ್ಲಿ ಬೆರಳು ಒರೆಸಿಕೊಂಡು ಮತ್ತೆ ಒತ್ತಿದರು.

ರಿಂಗಾಯಿತು. ಆ ಕಡೆಯಿಂದ ಸೆಲ್ವ, ಬರಲೇ ಅಕ್ಕಾ ಎಂದು ತಮಿಳಿನಲ್ಲಿ ಕೇಳಿದ. ಬೇಡಪ್ಪ, ಸುಮ್ಮನೆ ಒತ್ತಿ ನೋಡಿದೆ ಎಂದು ಇವರೂ ತಮಿಳಿನಲ್ಲೇ ಹೇಳಿ ಇಟ್ಟರು. ಇಟ್ಟು ಮತ್ತೆ ಒತ್ತಿದರು. ಐದನೆಯ ಸಲಕ್ಕೆ ಸೆಲ್ವ ಆಟೋ ತೆಗೆದುಕೊಂಡು ಬಾಗಿಲಿಗೇ ಬಂದ. ವೆಂಕಟಪ್ಪ ನಕ್ಕು ಕೆಮ್ಮಿ, ಕೆಮ್ಮಿ ನಕ್ಕರು.

ಅದೇ ಆಟೋದಲ್ಲಿ ಬಸ್ ನಿಲ್ದಾಣಕ್ಕೆ ಹೊರಟೆ. ದಾರಿಯಲ್ಲಿ ಪ್ರೊಫೆಸರಿಗೆ ಫೋನು ಮಾಡಿ, ನಾನು ಬರೆದ ಕಾರಣ ತಪ್ಪು, ಯಾರ ಫೋನನ್ನೂ ವಾಪಸ್ ತರುವುದಿಲ್ಲ ಎಂದೆ. ವರದಿ ಕಳಿಸುವ ದಿನ ಹತ್ತಿರವಿದೆ ಎಂದು ಅವರು ನೆನಪಿಸಿದರು. ವರದಿ ತಡವಾಗುತ್ತದೆ ಸರ್ ಎಂದೆ.

ಬಂಗಾರಪೇಟೆಗೆ ಬಂದಾಗ ಬೆಂಗಳೂರಿನ ರೈಲಿಗೆ ಇನ್ನೂ ಸಮಯವಿತ್ತು. ನಾನು ಬೂದಿಕೋಟೆ ಬಸ್ಸು ಹತ್ತಿದೆ. ಎರಡನೆಯ ಫೋನು ಅಲ್ಲಿನ ಚೌಡಪ್ಪನವರ ಬಳಿ ಇತ್ತು. ಎರಡು ಹಸು ಸಾಕಿಕೊಂಡಿರುವ, ಮಾತು ಕಡಿಮೆಯ ಮನುಷ್ಯ. ಸಂಜೆಯ ಹಾಲು ಹಾಕಲು ಡೇರಿಗೆ ಬಂದಿದ್ದರು. ನನ್ನನ್ನು ಕಂಡವರೇ ಮನೆಗೆ ಹೋಗಿ, ಪಂಚೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಫೋನಿನ ಡಬ್ಬಿ ತಂದು ಮುಂದೆ ಹಿಡಿದರು.

“ತಕ್ಕೊಂಡೋಗಮ್ಮ. ನಂಗೆ ಬರಾಕಿಲ್ಲ.”

ನಾನು ಡೇರಿಯ ಮೆಟ್ಟಿಲ ಮೇಲೆ ಕೂತು ಪಕ್ಕದಲ್ಲಿ ಅವರಿಗೆ ಜಾಗ ಮಾಡಿದೆ.

“ತಗೊಂಡು ಹೋಗೋಕೆ ಬಂದಿಲ್ಲ. ನೀವು ಹೇಗೆ ಒತ್ತುತ್ತೀರಿ, ನಾನು ನೋಡಬೇಕು.”

ಚೌಡಪ್ಪ ಟವೆಲಿನಲ್ಲಿ ಕೈ ಒರೆಸಿಕೊಂಡು ಕೂತು, ಗಂಟು ಬಿಚ್ಚಿದರು.