ಅಪ್ಪ ಆರಿಸಿದ ಕರಿ ಪ್ಲಾಟು

ಸಂಶಿಯ ಹೊರಗೆ ಹತ್ತಿ ಬೆಳೆಯುತ್ತಿದ್ದ ಒಂದು ಹೊಲ ಲೇಔಟ್ ಆಯಿತು. ಬದುಗಳನ್ನು ಅಳಿಸಿ, ಸುಣ್ಣದ ಗೆರೆ ಎಳೆದು, ಮೂಲೆಗೊಂದು ಕಲ್ಲು ನೆಟ್ಟರು. ಎಲ್ಲ ಪ್ಲಾಟಿಗೂ ಒಂದೇ ದರ, ಮೊದಲು ಬಂದವರು ಬೇಕಾದ್ದನ್ನು ಆರಿಸಿಕೊಳ್ಳಬಹುದು ಎಂದು ಏಜೆಂಟ್ ಹೇಳಿದ್ದ. ನಾನೂ ಅಕ್ಕನೂ ಮೊದಲು ಬಂದವರು. ನನ್ನ ನೆನಪಿನಲ್ಲಿ ಅದು ಬೆಳಗಿನ ಹೊತ್ತು. ಬೆಳಿಗ್ಗೆ ಅಕ್ಕನಿಗೆ ಎಂದೂ ಬಿಡುವಿರುತ್ತಿರಲಿಲ್ಲ, ಆದ್ದರಿಂದ ಅದು ಸುಳ್ಳೇ ಇರಬೇಕು. ಆದರೂ ಲೇಔಟಿಗೆ ಕಟ್ಟಿದ್ದ ಬಾವುಟಗಳ ಮೇಲೆ ಬೆಳಗಿನ ಬಿಸಿಲೇ ಬೀಳುತ್ತದೆ, ಎಷ್ಟು ತಿದ್ದಿದರೂ ಮತ್ತೆ ಅಲ್ಲಿಗೇ ಬರುತ್ತದೆ. ಹಾಗೇ ಬಿಟ್ಟಿದ್ದೇನೆ.

ಅಕ್ಕ ಬಸ್ ನಿಲ್ದಾಣದ ಬಾಜೂಕ್ಕೆ ಖಾನಾವಳಿ ನಡೆಸುತ್ತಾಳೆ. ಮಧ್ಯಾಹ್ನ ಒಂದು ಸರದಿ, ಸಂಜೆಯಿಂದ ಇನ್ನೊಂದು. ನಿಂತು ನಿಂತು ಅವಳ ಮೊಣಕಾಲು ಸೋತಿದ್ದವು, ಮುಂಗೈ ತುಂಬ ರೊಟ್ಟಿ ಹಂಚು ಸುಟ್ಟ ಕಲೆಗಳು. ನಾನು ಶಾಲೆಯೊಂದರಲ್ಲಿ ತಾತ್ಕಾಲಿಕ ಶಿಕ್ಷಕಿ. ಒಂಟಿಯಾಗಿ ಪ್ಲಾಟ್ ಕೊಳ್ಳುವ ಶಕ್ತಿ ಇಬ್ಬರಿಗೂ ಇರಲಿಲ್ಲ. ಅವಳು ಹೆಂಗಸರೆಲ್ಲ ಸೇರಿ ಚೀಟಿಯಂತೆ ಹಾಕುವ ಭಿಶಿಯನ್ನು ಎತ್ತಿದಳು, ನಾನು ಉಳಿಸಿದ್ದನ್ನು ತಂದೆ, ಒಂದು ಪ್ಲಾಟಿಗೆ ಎರಡು ಹೆಸರು ಬರೆಸುವುದೆಂದಾಯಿತು. ಆಮೇಲೆ ಎರಡು ಖೋಲಿ ಕಟ್ಟಿ ಬಾಡಿಗೆಗೆ ಕೊಡಬೇಕು. ಬಾಡಿಗೆ ಬರಲು ಶುರುವಾದ ದಿನ ಸಂಜೆಯ ಒಲೆ ಆರಿಸುತ್ತೇನೆ ಎಂದು ಅಕ್ಕ ಎಲ್ಲರಿಗೂ ಹೇಳಿಟ್ಟಿದ್ದಳು. ಅವಳು ಕೊಳ್ಳಲು ಹೊರಟಿದ್ದು ತನ್ನ ಸಂಜೆಗಳನ್ನು.

ಆರಿಸಲು ಅಪ್ಪ ನಮ್ಮ ಹುಟ್ಟೂರು ಮೊರಬದಿಂದ ಬಂದ. ಭೂಮಿ ಕೊಳ್ಳುವಾಗ ಅಪ್ಪನನ್ನು ಕರೆಯದಿರುವುದು ನಮಗೆ ತೋಚಲೇ ಇಲ್ಲ. ಬೇರೆಯವರು ರಸ್ತೆ ನೋಡುತ್ತಿದ್ದರು, ದಿಕ್ಕು ನೋಡುತ್ತಿದ್ದರು. ಅಪ್ಪ ಚಪ್ಪಲಿ ಬಿಟ್ಟು ಸುಣ್ಣದ ಗೆರೆಗಳನ್ನು ದಾಟುತ್ತ ನಡೆದ. ಅಲ್ಲಲ್ಲಿ ಕುಕ್ಕುರುಗಾಲಲ್ಲಿ ಕೂತು ಹೆಂಟೆ ಎತ್ತಿ ಒಡೆದು ಮೂಸಿದ. ಏಜೆಂಟ್ ಮೂಲೆಯ ಪ್ಲಾಟ್ ತೋರಿಸಿದ. ಅಲ್ಲಿ ನೆಲ ಸ್ವಲ್ಪ ಏರಿತ್ತು, ಕೆಂಪು ಗರಸಿನ ಹರಳು ಕಾಲಿಗೆ ಚುಚ್ಚುತ್ತಿತ್ತು.

‘ಇದಕ್ಕ ಭೂಮಿ ಅಂತಾರೇನೋ ತಮ್ಮಾ? ಇದರಾಗ ಜಾಲಿ ಸೈತ ಹುಟ್ಟೂದಿಲ್ಲ’ ಎಂದ ಅಪ್ಪ.

ಅಪ್ಪ ಲೇಔಟಿನ ತಗ್ಗಿನ ಭಾಗಕ್ಕೆ ಹೋಗಿ, ಕಾಡಿಗೆಯಂತೆ ಕಪ್ಪಾದ ಮಣ್ಣನ್ನು ಅಂಗೈಯಲ್ಲಿ ತಂದು ನಮಗೆ ತೋರಿಸಿದ. ಬೆವರಿಗೆ ಅದು ಅವನ ರೇಖೆಗಳಲ್ಲಿ ಅಂಟಿತ್ತು. ಅಕ್ಕನೂ ನಾನೂ ಮೂಸಿದೆವು. ಎರಿಯ ಕರಿ ಮಣ್ಣಿನಲ್ಲಿ ಹುಟ್ಟಿದ ಮೂವರು ಸೇರಿ, ಮನೆ ಕಟ್ಟುವ ಜಾಗವನ್ನು ಜೋಳ ಬಿತ್ತುವ ಜಾಗದಂತೆ ಆರಿಸಿದೆವು. ಇಡೀ ಲೇಔಟಿನಲ್ಲಿ ಅಷ್ಟು ಒಳ್ಳೆಯ ಮಣ್ಣು ಬೇರೆಲ್ಲೂ ಇರಲಿಲ್ಲ. ಈಗಲೂ ಅದು ನಿಜ.

ತಪ್ಪು ಗೊತ್ತಾದದ್ದು ಬೇಸಿಗೆಯಲ್ಲಿ. ಗೋಡೆ ಕಟ್ಟುವ ಕೆಲಸ ಶುರು ಮಾಡಲು ಗೌಂಡಿಯನ್ನು ಕರೆದುಕೊಂಡು ಹೋದಾಗ ನಮ್ಮ ಪ್ಲಾಟು ತುಂಬ ಬಿರುಕು ಬಿಟ್ಟಿತ್ತು. ಒಂದು ಬಿರುಕಿನಲ್ಲಿ ನನ್ನ ಕೈ ಮೊಣಕೈವರೆಗೆ ಇಳಿಯಿತು. ಒಳಗೆ ತಂಪಿತ್ತು. ಹೊರಗೆ ಆ ಬಿಸಿಲು, ಒಳಗೆ ಯಾರೋ ಈಗಷ್ಟೇ ನೀರು ಚಿಮುಕಿಸಿದಂಥ ತಂಪು. ಗೌಂಡಿ ಜೇಬಿನಿಂದ ಗೋಡೆಯ ನೇರ ನೋಡುವ ತೂಗುಗುಂಡು ತೆಗೆದು ಇಳಿಬಿಟ್ಟ. ದಾರ ಬಿಡುತ್ತ ಹೋದ. ದಾರ ಮುಗಿಯಿತು, ಗುಂಡು ತಳ ಮುಟ್ಟಲಿಲ್ಲ. ಅಗಲ ಉದ್ದ ನೋಡಿ ಹಣ ಕೊಟ್ಟಿದ್ದೆವು. ಇನ್ನೊಂದು ಅಳತೆ ಇದೆಯೆಂದು ಆಗ ಹೊಳೆಯಿತು.

‘ಅಕ್ಕಾರ, ಇದರ ಮ್ಯಾಲ ಹಂಗ ಕಟ್ಟಿದ್ರ ಗ್ವಾಡಿ ಉಸಿರಾಡ್ತಾವ್ರಿ’ ಎಂದ ಗೌಂಡಿ. ಮಳೆಗಾಲದಲ್ಲಿ ಈ ಮಣ್ಣು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಗೋಡೆ ಸೀಳುತ್ತದೆ. ಗರಸು ಸಿಗುವವರೆಗೆ ಅಗೆಯಬೇಕು, ಕರಿ ಮಣ್ಣು ತೆಗೆದು ಗರಸು ತುಂಬಬೇಕು. ಸೊಂಟದಾಳಕ್ಕೆ ಸಿಗಬಹುದು ಎಂದೂ ಹೇಳಿದ. ಅಲ್ಲಿ ಅವನೂ ತಪ್ಪಿದ.

ಜೆಸಿಬಿ ಬಂತು. ಸೊಂಟದಾಳಕ್ಕೆ ಕಪ್ಪು, ಎದೆಯಾಳಕ್ಕೆ ಕಪ್ಪು, ಒಬ್ಬ ಆಳು ಮುಳುಗುವಷ್ಟಾದರೂ ಕಪ್ಪು. ಅಕ್ಕ ಗುಂಡಿಯ ಅಂಚಿನಲ್ಲಿ ಸೆರಗು ಬಾಯಿಗಿಟ್ಟು ನಿಂತಿದ್ದಳು. ಯಂತ್ರದ ಒಂದೊಂದು ಬೊಗಸೆಯೂ ಅವಳ ಸಂಜೆಗಳನ್ನು ಎತ್ತಿ ಪಕ್ಕಕ್ಕೆ ಚೆಲ್ಲುತ್ತಿತ್ತು. ಎರಡು ಖೋಲಿಯ ಮಾತು ಬಿಟ್ಟು ಒಂದರಷ್ಟು ಅಗೆಯಿರಿ ಎಂದು ಅವಳೇ ಹೇಳಿದಳು. ಕೊನೆಗೆ ಎರಡಾಳು ಆಳದಲ್ಲಿ ಹಳದಿ ಗರಸು ಕಂಡಿತು.

ಅಪ್ಪ ಗುಂಡಿಗೆ ಇಳಿದ. ಅಕ್ಕ ಇಲ್ಲವೆನ್ನುತ್ತಾಳೆ, ಅವನು ಮಣ್ಣಿನ ಗುಡ್ಡೆಯ ಮೇಲೆಯೇ ಕೂತಿದ್ದನಂತೆ, ಇಳಿದವಳು ನಾನಂತೆ. ಅಪ್ಪನನ್ನು ಕೇಳಿದರೆ ಇಬ್ಬರಿಗೂ ಹೌದು ಅನ್ನುತ್ತಾನೆ. ಯಾರ ಕಾಲಿನಿಂದ ಇಳಿದೆನೋ ತಿಳಿಯದು, ಕಂಡದ್ದನ್ನು ಮಾತ್ರ ಬರೆಯಬಲ್ಲೆ. ಗುಂಡಿಯ ಗೋಡೆ ಚರ್ಮದಂತೆ ನುಣುಪಾಗಿ ಹೊಳೆಯುತ್ತಿತ್ತು. ಪದರ ಪದರವಾಗಿ ಮಣ್ಣು ಮಣ್ಣಿಗೇ ಉಜ್ಜಿ ಉಜ್ಜಿ ಬಂದ ಹೊಳಪು. ನಡುನಡುವೆ ಬೆರಳ ತುದಿಯಷ್ಟು ಬಸವನಹುಳದ ಚಿಪ್ಪುಗಳು, ಬೆಳ್ಳಗೆ, ಒಂದೂ ಮುಕ್ಕಾಗದೆ. ಅಷ್ಟು ಕೆಳಗೆ ಅವು ಹೇಗೆ ಹೋದವು? ಒಂದು ಹತ್ತಿ ಬೇರು ಬಿರುಕು ಹಿಡಿದು ಅಲ್ಲಿಯವರೆಗೂ ಬಂದು ಕಪ್ಪಗೆ ಒಣಗಿ ನಿಂತಿತ್ತು. ಮೇಲೆ ಆಕಾಶ ಒಂದು ಪ್ಲಾಟಿನ ಅರ್ಧದಷ್ಟು ಚೌಕವಾಗಿತ್ತು.

ಅಪ್ಪ ಗೋಡೆಯ ಮೇಲೆ ಅಂಗೈ ಇಟ್ಟ.

‘ಹುಟ್ಟಿದಾಗಿಂದ ಈ ಮಣ್ಣ ಉತ್ತೇನಿ. ಒಂದು ಮೊಳ ಅಷ್ಟ ಉತ್ತೇನಿ’ ಎಂದ. ‘ಇದನ್ನ ನಮ್ಮಪ್ಪ ಸೈತ ನೋಡಿಲ್ಲ ನೋಡ.’

ಈ ಮಾತನ್ನು ಅಕ್ಕನೂ ಒಪ್ಪುತ್ತಾಳೆ.

ಈಗ ಒಂದು ಗುಂಡಿ ಇತ್ತು, ಪಕ್ಕದಲ್ಲಿ ಒಂದು ಗುಡ್ಡೆ ಇತ್ತು, ಖೋಲಿ ಕಟ್ಟಲು ಎತ್ತಿಟ್ಟದ್ದು ಬಿಟ್ಟರೆ ಗರಸು ತರಿಸಲು ಕೈಯಲ್ಲಿ ಏನೂ ಇರಲಿಲ್ಲ. ಗುಂಡಿ ತುಂಬದಿದ್ದರೆ ಖೋಲಿ ಇಲ್ಲ, ಖೋಲಿ ಇಲ್ಲದಿದ್ದರೆ ಒಲೆ ಆರುವುದಿಲ್ಲ. ಪಕ್ಕದ ಪ್ಲಾಟಿನವರು ತಮ್ಮ ಜಾಗದಲ್ಲಿ ಮಣ್ಣು ಬಿದ್ದಿದೆಯೆಂದು ಬಂದು ಬಂದು ನೋಡಿ ಹೋದರು. ಆ ದಿನಗಳಲ್ಲಿ ಅಕ್ಕ ರೊಟ್ಟಿ ಬಡಿಯುವ ಸದ್ದು ಬೇರೆಯಾಗಿತ್ತು ಎಂದು ಬರೆಯಲು ಕೈ ಹೋಗುತ್ತದೆ. ಹಾಗೇನೂ ಇರಲಿಲ್ಲ. ಅವಳು ಎಂದಿನಂತೆಯೇ ಬಡಿಯುತ್ತಿದ್ದಳು, ಊಟಕ್ಕೆ ಬಂದವರ ಮಾತು ಕೇಳುತ್ತಿದ್ದಳು.

ಊಟಕ್ಕೆ ಬರುವವರಲ್ಲಿ ಒಬ್ಬ ಟಿಪ್ಪರ್ ಚಾಲಕನಿದ್ದ. ಕಲಘಟಗಿ ಕಡೆಯಿಂದ ನಮ್ಮ ಭಾಗದ ರಸ್ತೆ ಕೆಲಸಕ್ಕೆ ಗರಸು ತರುತ್ತಿದ್ದ. ಅದೇ ಕಡೆಯ ದುಮ್ಮವಾಡದಲ್ಲಿ ತನ್ನ ಸಂಬಂಧಿಕನೊಬ್ಬ ತರಕಾರಿ ಹಾಕಿದ್ದಾನೆ, ಕೆಂಪು ನೆಲ, ಎಷ್ಟು ನೀರು ಬಿಟ್ಟರೂ ನಿಲ್ಲುವುದಿಲ್ಲ, ಕರಿ ಮಣ್ಣು ಎಲ್ಲಾದರೂ ಸಿಕ್ಕರೆ ಹೇಳಿ ಎಂದು ಗೋಳಾಡುತ್ತಾನೆ ಎಂದು ಅವನು ಪಕ್ಕದವನಿಗೆ ಹೇಳುತ್ತಿದ್ದ. ಅಕ್ಕ ಹಂಚಿನ ಮೇಲಿನ ರೊಟ್ಟಿಯನ್ನು ತಿರುವುವುದು ಮರೆತಳು.

‘ನೀವು ಹೊಳ್ಳಿ ಹೋಗುಮುಂದ ಗಾಡ್ಯಾಗ ಏನ ಒಯ್ತೀರಿ?’

‘ಏನ್ ಒಯ್ಯೂಣ್ರಿ ಅಕ್ಕಾರ, ಗಾಳಿ ಒಯ್ತೇನಿ.’

‘ಗಾಳಿ ಬಿಡ್ರಿ, ನನ್ನ ಪ್ಲಾಟ್ ಒಯ್ರಿ.’

ಅವನು ನಕ್ಕ, ಅವಳು ನಗಲಿಲ್ಲ. ಒಪ್ಪಂದ ಅಲ್ಲೇ ಆಯಿತು. ರಸ್ತೆಯ ಪಾಳಿ ಮುಗಿದ ಮೇಲೆ ಅವನು ನಮಗಾಗಿ ಗರಸು ತರುವುದು, ಹೋಗುವಾಗ ನಮ್ಮ ಮಣ್ಣು ಒಯ್ಯುವುದು. ಗರಸು ಮತ್ತು ಡೀಸೆಲ್ ದುಮ್ಮವಾಡದ ತರಕಾರಿಯವನದು, ಚಾಲಕನ ಊಟ ಅಕ್ಕನದು, ಕೆಲಸ ಮುಗಿಯುವವರೆಗೆ. ಅವನು ಊಟಕ್ಕೆ ತನ್ನ ಕ್ಲೀನರನ್ನೂ ಕರೆತರತೊಡಗಿದ. ಅಕ್ಕ ಲೊಚಗುಟ್ಟಿ ಬಡಿಸಿದಳು.

ಹೀಗೆ ನಮ್ಮ ಪ್ಲಾಟು ಟಿಪ್ಪರಿನಲ್ಲಿ ಕೂತು ಊರು ಬಿಟ್ಟಿತು. ಅದರ ಜಾಗದಲ್ಲಿ ನಾವ್ಯಾರೂ ಕಾಣದ ಒಂದು ಗುಡ್ಡದ ಕೆಂಪು ಹೊಟ್ಟೆ ಬಂದು ಕೂತಿತು. ಪ್ಲಾಟಿನ ಹಕ್ಕಿನ ಕಾಗದ, ಉತಾರದಲ್ಲಿ ಒಂದಕ್ಷರ ಬದಲಾಗಲಿಲ್ಲ. ಅದೇ ನಂಬರು, ಅದೇ ನಾಲ್ಕು ಕಲ್ಲು, ಅದೇ ಎರಡು ಹೆಸರು. ನಾವು ಕೊಂಡದ್ದು ಮಣ್ಣಲ್ಲವಾದರೆ ಮತ್ತೇನು ಎಂದು ಅನೇಕ ದಿನ ಯೋಚಿಸಿದೆ. ಒಂದು ಆಕಾರವನ್ನೇ? ಅದರೊಳಗೆ ಏನು ತುಂಬಿದರೂ ಅದು ನಮ್ಮದೇ? ಆ ತೂಗುಗುಂಡು ಇನ್ನೂ ಇಳಿಯುತ್ತಲೇ ಇದ್ದಂತಿತ್ತು.

ಖೋಲಿ ಎದ್ದಿತು, ಒಂದೇ. ಮಳೆಗಾಲದಲ್ಲಿ ಸುತ್ತಲಿನ ನೆಲ ಉಬ್ಬಿತು, ಲೇಔಟಿನ ಮೂಲೆಕಲ್ಲುಗಳು ವಾಲಿದವು. ಮಳೆ ನಿಂತಾಗಲೆಲ್ಲ ಅಕ್ಕ ಹೋಗಿ ಗೋಡೆಗಳ ಮೇಲೆ ಅಂಗೈ ಸವರಿ ನೋಡುತ್ತಿದ್ದಳು. ಕೂದಲೆಳೆಯಷ್ಟೂ ಸೀಳಿರಲಿಲ್ಲ. ಆದರೂ ಒಂದು ಬೇಸಿಗೆ ದಾಟಲಿ ಎಂದು ಬಾಡಿಗೆ ಬೋರ್ಡು ಹಾಕಲಿಲ್ಲ.

ಆ ಬೇಸಿಗೆಯಲ್ಲಿ ಅಪ್ಪ ಹಟ ಹಿಡಿದು ನಮ್ಮನ್ನು ದುಮ್ಮವಾಡಕ್ಕೆ ಕರೆದೊಯ್ದ. ಕೆಂಪು ನೆಲದ ನಡುವೆ ಕಪ್ಪಗೆ ಒಂದು ತುಂಡು, ಅದರ ತುಂಬ ಬದನೆ. ‘ಬರ್ರಿ, ನಿಮ್ಮ ಪ್ಲಾಟ್ ಇಲ್ಲೈತಿ’ ಎಂದು ತರಕಾರಿಯವನು ಕರೆದ. ಅಪ್ಪ ಕೂತು, ಹೆಂಟೆ ಒಡೆದು ಮೂಸಿದ. ನೀರು ತಾಕದ ಅಂಚಿನಲ್ಲಿ ಸಣ್ಣದೊಂದು ಬಿರುಕಿತ್ತು. ಪರವೂರಿಗೆ ಹೋದರೂ ಅದು ತನ್ನ ಚಾಳಿ ಬಿಟ್ಟಿರಲಿಲ್ಲ. ಬೆರಳಿಟ್ಟೆ. ಅದೇ ತಂಪು.

ಮರಳಿ ಬಂದ ವಾರವೇ ಸರ್ಕಾರಿ ದವಾಖಾನೆಯ ನರ್ಸ್ ಒಬ್ಬರು ಖೋಲಿ ಹಿಡಿದರು. ಬಾಡಿಗೆ ಇಬ್ಬರದ್ದೂ ಹೌದು, ಆದರೆ ಸದ್ಯಕ್ಕೆ ಪೂರ್ತಿ ಅಕ್ಕನೇ ಇಟ್ಟುಕೊಳ್ಳಲಿ ಎಂದೆ. ಅವಳು ಬೇಡ ಅನ್ನಲಿಲ್ಲ. ಸಂಜೆಯ ಊಟ ಬಂದ್ ಎಂದು ಖಾನಾವಳಿಯ ಬಾಗಿಲಿಗೆ ಬರೆದು ಹಚ್ಚಿದಳು.

ಆ ಸಂಜೆ ಮೂವರೂ ಪ್ಲಾಟಿಗೆ ಹೋದೆವು. ಅಗೆಯದೆ ಉಳಿದ ಇನ್ನರ್ಧದಲ್ಲಿ, ನನ್ನ ಖೋಲಿ ಬರಬೇಕಾದಲ್ಲಿ, ನೆಲ ಬಾಯಿ ಬಿಟ್ಟಿತ್ತು. ಬಿರುಕು ಖೋಲಿಯ ಕಟ್ಟೆಯವರೆಗೆ ಬಂದು ಅಲ್ಲಿ ನಿಂತಿತ್ತು. ಅಪ್ಪ ದಾರಕ್ಕೆ ಬೀಗದ ಕೈ ಕಟ್ಟಿ ಇಳಿಬಿಡುತ್ತ ಕೂತ. ಅಕ್ಕ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಆ ಹೊತ್ತಿನಲ್ಲಿ ಅವಳು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

‘ಮುಟ್ಟಿತೇನಪಾ?’ ಅಲ್ಲಿಂದಲೇ ಅಕ್ಕ ಕೇಳಿದಳು.

‘ಇಲ್ಲ ಬೇ. ದಾರ ಮುಗೀತು.’

‘ಇನ್ನೊಂದು ದಾರ ಹಾಕು’ ಎಂದಳು ಅಕ್ಕ. ‘ನನಗೇನ ಅವಸರಿಲ್ಲ.’