ಬಸ್ಸಿನಲ್ಲಿ ಶೂ ಬಿಚ್ಚಬಾರದು

ವರ್ಲೀನ್ ಬ್ಲ್ಯಾಕ್‌ಮನ್‌ಳ ಬಸ್ಸು ಹತ್ತುವವರಿಗೆ ಇದ್ದದ್ದು ಒಂದೇ ಕಟ್ಟಳೆ: ಏನು ಬೇಕಾದರೂ ಮಾಡಿ, ಶೂ ಮಾತ್ರ ಬಿಚ್ಚಬೇಡಿ. ಹಾಡಲಿ, ಕಿರುಚಲಿ, ಬೇಯಿಸಿದ ಕಡಲೆಕಾಯಿ ತಿಂದು ಸಿಪ್ಪೆಯನ್ನು ಸೀಟಿನ ಸಂದಿಗೆ ತುರುಕಲಿ, ಎರಡು ಮಾತು ಬೈದು ಸುಮ್ಮನಾಗುತ್ತಿದ್ದಳು. ಆದರೆ ಅಲಬಾಮಾದ ಸೆಖೆಯಲ್ಲಿ ಫುಟ್‌ಬಾಲ್ ಆಡಿ ಬಂದ ಹುಡುಗರೆಲ್ಲ ಒಟ್ಟಿಗೆ ಶೂ ಬಿಚ್ಚಿದರೆ ಏನಾಗುತ್ತದೆಂದು ಅವಳು ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಅನುಭವಿಸಿದ್ದಳು. "ಒಂದ್ಸಲ ಸತ್ತು ಬದುಕಿ ಬಂದಿದೀನಿ, ಸಾಕು" ಎನ್ನುತ್ತಿದ್ದಳು.

ಬೆಳಗ್ಗೆ ಸಂಜೆ ಶಾಲೆಯ ಮಕ್ಕಳು, ಶುಕ್ರವಾರ ರಾತ್ರಿ ಶಾಲೆಯ ತಂಡ. ಅವಳ ಆಯಸ್ಸಿನ ಬಹುಪಾಲು ಆ ಹಳದಿ ಬಸ್ಸಿನ ಸ್ಟಿಯರಿಂಗಿನ ಹಿಂದೆಯೇ ಕಳೆದಿತ್ತು. ಗಂಡ ಓಟಿಸ್ ತೀರಿಕೊಂಡಿದ್ದ. ಮಕ್ಕಳಿಲ್ಲವಾ ಎಂದು ಯಾರಾದರೂ ಹೊಸಬರು ಕೇಳಿದರೆ, "ಇಲ್ಲದೇ ಏನು, ದಿನಾ ಎರಡು ಸಲ ಎಣಿಸಿ ಇಳಿಸ್ತೀನಿ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಬೇರೆಯವರ ಬಾಯಿ ಮುಚ್ಚಿಸುವುದು ಅವಳಿಗೆ ಸಲೀಸು. ತನ್ನದನ್ನು ಮುಚ್ಚುವ ವಿದ್ಯೆ ಮಾತ್ರ ಅವಳಿಗೆ ಹತ್ತಿರಲಿಲ್ಲ.

ತಂಡ ಗೆದ್ದು ಬಂದ ರಾತ್ರಿ ಹಾರ್ಲನ್ ಸ್ಪ್ರಿಂಗ್ಸ್ ಊರಿನ ನೀರಿನ ಟ್ಯಾಂಕು ಕಂಡ ಕೂಡಲೇ ಅವಳು ಹಾರ್ನ್ ಮೇಲೆ ಕೈಯಿಟ್ಟರೆ ಶಾಲೆಯ ಗೇಟಿನವರೆಗೂ ತೆಗೆಯುವಂತಿಲ್ಲ. ಅದು ಅವಳಿಗಿಂತ ಮೊದಲಿನಿಂದ ನಡೆದು ಬಂದ ರೂಢಿ. ನಡುವೆ ಕೌಂಟಿ ಆಸ್ಪತ್ರೆ ಸಿಗುತ್ತದೆ. ಸಿಕ್ಕರೇನು? ರೋಗಿಗಳೂ ಎದ್ದು ಕಿಟಕಿಗೆ ಬರುತ್ತಾರೆ. ಸೋತ ರಾತ್ರಿ ಊರಿಗೆ ಊರೇ ಮಲಗಿದಂತೆ ನಟಿಸುತ್ತದೆ.

ಜಾರ್ವನ್ ಟಾಲಿವರ್ ಅವಳ ಬಸ್ಸಿನಲ್ಲೇ ಬೆಳೆದವನು, ಕೋಳಿ ಕಾರ್ಖಾನೆಗೆ ಹೋಗುವ ರೆನೀಟಾಳ ಒಬ್ಬನೇ ಮಗ. ಚಿಕ್ಕಂದಿನಲ್ಲಿ ದಿನವೂ ಬಸ್ಸು ತಪ್ಪಿಸಿಕೊಂಡು ಹಿಂದೆ ಓಡಿಬರುತ್ತಿದ್ದ. ಹಾಗೆ ಓಡಿ ಓಡಿಯೇ ಅವನಿಗೆ ಆ ಕಾಲು ಬಂದದ್ದೆಂದೂ, ಬಸ್ಸು ನಿಲ್ಲಿಸದೆ ಓಡಿಸಿದ ಪುಣ್ಯ ತನ್ನದೆಂದೂ ವರ್ಲೀನ್ ಹೇಳಿಕೊಂಡು ತಿರುಗುತ್ತಿದ್ದಳು. ಈಗ ಅವನು ಮೂರು ಗಂಟೆ ದಾರಿ ದೂರದ ದೊಡ್ಡ ವಿಶ್ವವಿದ್ಯಾಲಯದ ತಂಡದಲ್ಲಿ ರಿಸೀವರ್. ಅಲ್ಲಿಯ ಫುಟ್‌ಬಾಲ್ ಕಾಲಾಟಕ್ಕಿಂತ ಹೆಚ್ಚು ಕೈಯಾಟ; ಬಾಣದಂತೆ ಮುಂದೋಡಿ, ಹಿಂದಿನಿಂದ ಎಸೆದ ಚೆಂಡನ್ನು, ಮೈಮೇಲೆ ಬೀಳುವವರ ನಡುವೆ ಹಿಡಿಯುವುದು ಅವನ ಕೆಲಸ. ಮೂರು ಸೀಸನ್ ಆಡಿದ್ದಾನೆ. ನಾಲ್ಕನೆಯದು, ಕೊನೆಯದು, ಇನ್ನೇನು ಶುರುವಾಗಬೇಕು. ಅದು ಮುಗಿದರೆ ಏಪ್ರಿಲ್‌ನಲ್ಲಿ ಡ್ರಾಫ್ಟ್, ಅಂದರೆ ವೃತ್ತಿ ತಂಡಗಳು ಸರದಿ ಪ್ರಕಾರ ಕಾಲೇಜು ಹುಡುಗರನ್ನು ಎತ್ತಿಕೊಳ್ಳುವ ದಿನ. ಟೀವಿಯ ಪಂಡಿತರು ಆ ವರ್ಷದ ರಿಸೀವರುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಜಾರ್ವನ್‌ನನ್ನು ನಡುವೆಲ್ಲೋ ತುರುಕಿದ್ದರು. ಈ ಸೀಸನ್ ಚೆನ್ನಾಗಿ ಆಡಿದರೆ ಎರಡನೇ ಸುತ್ತಿಗೇ ಹೋಗುತ್ತಾನೆ, ಎಡವಿದರೆ ಯಾರೂ ಕೇಳುವುದಿಲ್ಲ ಎನ್ನುವುದು ಅವರ ತೀರ್ಪು. ಎರಡನೇ ಸುತ್ತು ಎಂದರೆ ರೆನೀಟಾ ಕಾರ್ಖಾನೆಯ ಸಾಲಿನಿಂದ ಈಚೆ ಬಂದು, ಕೈ ತೊಳೆದುಕೊಂಡು, ಮತ್ತೆಂದೂ ಕೋಳಿಯ ಮುಖ ನೋಡದೆ ಇರಬಹುದು.

ಹೊಸಿಯಾನ ಕ್ಷೌರದಂಗಡಿಯಲ್ಲಿ ಬೇಸಗೆಯಿಡೀ ಇದೇ ಮಾತು.

"ಹುಡುಗನ ಕೈ ನೋಡಿದೀರಾ? ಕೈಯಲ್ಲ ಅದು, ಬಾಣಲೆ" ಎನ್ನುತ್ತಿದ್ದ ಹೊಸಿಯಾ, ಕತ್ತರಿ ಆಡಿಸುತ್ತ.

"ಬಾಣಲೆ ಇದ್ದು ಏನು? ಈ ವರ್ಷ ಹೊಸ ಕ್ವಾರ್ಟರ್‌ಬ್ಯಾಕ್. ಎಸೆಯೋನಿಗೆ ನೆಟ್ಟಗೆ ಎಸೆಯೋಕೆ ಬರದಿದ್ರೆ ಹಿಡಿಯೋನು ಏನ್ ಹಿಡೀತಾನೆ, ಗಾಳಿನಾ?" ಕುರ್ಚಿಯಲ್ಲಿ ಕುಳಿತವನ ಸವಾಲು.

"ಸುಮ್ನಿರಯ್ಯಾ, ಕಿವಿ ಕತ್ತರಿಸಿಬಿಟ್ಟೇನು."

ಜುಲೈ ಕೊನೆಯಲ್ಲಿ ಊರಿಗೆ ಒಬ್ಬ ಸ್ಕೌಟ್ ಬಂದ. ವೃತ್ತಿ ತಂಡದ ಪರವಾಗಿ ಹುಡುಗರ ಕುಲ ಗೋತ್ರ ವಿಚಾರಿಸುವವನು. ಹೆಣ್ಣು ನೋಡಲು ಬರುವ ಮೊದಲು ನೆರೆಹೊರೆಯವರನ್ನು ಮೆಲ್ಲಗೆ ಕೇಳಿಕೊಂಡು ಹೋಗುತ್ತಾರಲ್ಲ, ಹಾಗೆಯೇ ಇದು. ಹುಡುಗ ಕುಡಿಯುತ್ತಾನಾ, ಕೈ ಮಾಡುತ್ತಾನಾ, ತಾಯಿಯನ್ನು ಹೇಗೆ ನೋಡಿಕೊಳ್ಳುತ್ತಾನೆ. ಕೋಚ್ ಸುಳ್ಳು ಹೇಳುತ್ತಾನೆಂದು ಸ್ಕೌಟ್‌ಗಳಿಗೆ ಗೊತ್ತು. ಅದಕ್ಕೇ ಅವರು ಕ್ಷೌರಿಕನ ಹತ್ತಿರ, ಶಾಲೆಯ ಅಡುಗೆಯವಳ ಹತ್ತಿರ, ಬಸ್ಸಿನವಳ ಹತ್ತಿರ ಬರುತ್ತಾರೆ.

ವರ್ಲೀನ್ ಶಾಲೆ ತೆರೆಯುವ ಮುಂಚೆ ಬಸ್ಸು ತೊಳೆಯುತ್ತಿದ್ದಳು. ಕ್ರೌಲಿ ಎಂಬ ಆ ಬಿಳಿಯ ಮನುಷ್ಯ ಟೋಪಿ ತೆಗೆದು ಮಾತಾಡಿಸಿದ. ಟೋಪಿ ತೆಗೆದವರ ಮೇಲೆ ಅವಳಿಗೆ ವಿಶ್ವಾಸ ಬಂದುಬಿಡುತ್ತದೆ. ತಣ್ಣನೆಯ ಸಿಹಿ ಚಹಾ ಕೊಟ್ಟು ಬಸ್ಸಿನ ಮೆಟ್ಟಿಲ ಮೇಲೆ ಕೂರಿಸಿದಳು.

"ಎಂಥಾ ಹುಡುಗ ಮೇಡಂ, ಜಾರ್ವನ್?"

"ಎಂಥಾ ಹುಡುಗನಾ? ಕೇಳಿ ಹೇಳ್ತೀನಿ. ಅವನು ಶಾಲೆಯ ಕೊನೇ ವರ್ಷದಲ್ಲಿದ್ದಾಗ ರಾಜ್ಯದ ಫೈನಲ್. ಅರ್ಧ ಆಟಕ್ಕೆ ಮುಂಚೇನೇ ಅವನ ಕಾಲಮೇಲೆ ಒಂದು ಎತ್ತಿನಂಥಾ ಹುಡುಗ ಬಿದ್ದ. ಲಟಕ್ ಅಂತು. ಇವನು ಉಸಿರೆತ್ತಿದ್ನಾ? ಇಲ್ಲ! ಅದೇ ಕಾಲಲ್ಲಿ ಓಡಿ, ಕೊನೇ ನಿಮಿಷದಲ್ಲಿ ಚೆಂಡು ಹಿಡಿದು ಗೆಲ್ಲಿಸಿದ. ವಾಪಸ್ ಬರೋವಾಗ ಕಾಲು ಕುಂಬಳಕಾಯಿ ಆಗಿತ್ತು, ಶೂ ಬರ್ತಾನೇ ಇಲ್ಲ. ನೋಡಿ, ಈ ಸೀಟ್‌ಬೆಲ್ಟ್ ಕೊಯ್ಯೋ ಚಾಕು ಇದೆಯಲ್ಲ, ಇದರಲ್ಲಿ ನಾನೇ ಕೊಯ್ದು ತೆಗೆದೆ. ಶೂ ಬಿಚ್ಚಬಾರದು ಅಂತ ಕಟ್ಟಳೆ ಮಾಡಿದ ಮೇಲೆ ನನ್ನ ಬಸ್ಸಲ್ಲಿ ಬಿಚ್ಚಿದೋನು ಅವನೊಬ್ಬನೇ!"

ಕ್ರೌಲಿ ನಗಲಿಲ್ಲ. "ಡಾಕ್ಟರ ಹತ್ರ ಹೋಗಿದ್ನಾ?"

"ಡಾಕ್ಟರಾ?" ವರ್ಲೀನ್ ಗಹಗಹಿಸಿ ನಕ್ಕಳು. "ತಿಂಗಳು ಕಳೆಯೋದ್ರಲ್ಲಿ ಬಾಸ್ಕೆಟ್‌ಬಾಲ್ ಆಡ್ತಿದ್ದ! ಅಂಥಾ ಗಟ್ಟಿ ಪಿಂಡ ಅದು."

"ಯಾವ ಕಾಲು?"

"ಎಡಗಾಲು. ಕಿರುಬೆರಳಿನ ಕಡೆ."

ಅವನು ಚಹಾ ಮುಗಿಸಿ, ಲೋಟ ಕೈಗೆ ಕೊಟ್ಟು, ಬಹಳ ಉಪಕಾರವಾಯಿತು ಎಂದು ಹೇಳಿ ಹೋದ. ಊರಿನಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಮುರಿದ ಎಲುಬಿನಲ್ಲಿ ಆಡಿದ ಎಂದರೆ ಆಯಿತು, ಮಿಕ್ಕ ಗುಣಗಳೆಲ್ಲ ಅದರೊಳಗೇ ಬಂದವು. ವರ್ಲೀನ್ ಅಂದು ಹಾಡು ಗುನುಗುತ್ತ ಬಸ್ಸು ಒರೆಸಿದಳು.

ಬುಧವಾರ ಚರ್ಚಿನ ಊಟದಲ್ಲಿ, ಕರಿದ ಕೋಳಿ ಮತ್ತು ಬೆಣ್ಣೆ ಅವರೆಯ ನಡುವೆ, ಅವಳು ಈ ಸಂಗತಿಯನ್ನು ರೆನೀಟಾಳಿಗೆ ಉಬ್ಬಿಕೊಂಡು ಹೇಳಿದಳು. ರೆನೀಟಾ ಕೈಯಲ್ಲಿದ್ದ ಕಾರ್ನ್‌ಬ್ರೆಡ್ ತಟ್ಟೆಗೆ ಹಾಕಿದಳು.

"ಕಾಲಿನ ವಿಷಯ ಹೇಳಿದ್ರಾ?"

"ಹೇಳ್ದೆ ಮತ್ತೆ! ಅದಕ್ಕಿಂತ ಇನ್ನೇನಿದೆ ಹೇಳೋಕೆ?"

"ಮಿಸ್ ವರ್ಲೀನ್, ಕಾಲೇಜಿಗೆ ಸೇರೋವಾಗ ಹಿಂದೆ ಏನೂ ಮುರಿದಿಲ್ಲ ಅಂತ ಹೇಳಿದಾನೆ ನನ್ನ ಮಗ. ಇವತ್ತಿಗೂ ಓಡಿ ಬಂದ್ರೆ ಆ ಕಾಲನ್ನ ಬಕೆಟ್‌ನಲ್ಲಿ ಇಡ್ತಾನೆ. ಬಾಯಿ ಬಿಡಬೇಡಮ್ಮಾ, ಒಂದು ಸೀಸನ್ ಮುಗೀಲಿ ಅಂತಾನೆ. ಹಳೇ ಗಾಯ ಮುಚ್ಚಿಟ್ಟ ರಿಸೀವರ್‌ನ ಯಾರು ತಗೋತಾರೆ, ಹೇಳಿ? ಮುರುಕು ಕಾಲಿನ ಕುದುರೇನ ಯಾರಾದ್ರೂ ಕೊಳ್ತಾರಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎದುರಿನ ಮೇಜಿನಿಂದ ಹೊಸಿಯಾ ಹಣೆ ಚಚ್ಚಿಕೊಂಡ.

"ಅಯ್ಯೋ, ನಾನೂ ಹೇಳ್ದೆ."

ಶಾಲೆಯ ಅಡುಗೆಯವಳೂ ಹೇಳಿದ್ದಳು. ಪಾಸ್ಟರ್ ಅಂತೂ ಬೈಬಲ್ಲಿನ ವಚನ ಸೇರಿಸಿ ಹೇಳಿದ್ದರು.

"ನೀನು ಯಾವ ಕಾಲು ಅಂದೆ?" ವರ್ಲೀನ್ ಕೇಳಿದಳು.

"ಬಲಗಾಲು."

"ಎಡಗಾಲಲ್ವೇನೋ, ದರಿದ್ರದವನೇ! ಈಗ ಅವರ ಲೆಕ್ಕದಲ್ಲಿ ಹುಡುಗನಿಗೆ ಎರಡೂ ಕಾಲು ಇಲ್ಲ!"

ಯಾರೋ ಕಿಸಕ್ಕೆಂದರು. ರೆನೀಟಾ ನಗಲಿಲ್ಲ, ಊಟವನ್ನೂ ಮುಗಿಸಲಿಲ್ಲ. ವರ್ಲೀನ್ ತನಗೆಂದು ತೆಗೆದಿಟ್ಟುಕೊಂಡಿದ್ದ ಪೀಚ್ ಹಣ್ಣಿನ ಸಿಹಿತಿಂಡಿ ಕಾಬ್ಲರನ್ನು ಹಾಗೆಯೇ ಬಿಟ್ಟು ಮನೆಗೆ ಹೋದಳು. ಇಂಥದ್ದು ಆ ಚರ್ಚಿನಲ್ಲಿ ಹಿಂದೆ ನಡೆದಿರಲಿಲ್ಲ.

ಎರಡು ವಾರ ಕಳೆದು ಒಂದು ಭಾನುವಾರ ಜಾರ್ವನ್ ಊರಿಗೆ ಬಂದ. ಚರ್ಚು ಬಿಟ್ಟ ಮೇಲೆ ನೆಟ್ಟಗೆ ವರ್ಲೀನ್ ಸ್ಟಿಯರಿಂಗ್ ಒರೆಸುತ್ತ ಕುಳಿತಿದ್ದ ಬಸ್ಸಿನ ಬಳಿಗೇ ಬಂದು, ಬಾಗಿಲು ತಟ್ಟಿ, ಹತ್ತಿ, ಹಳೆಯ ರೂಢಿಯಂತೆ ಎಡಗಡೆಯ ಮೂರನೇ ಸೀಟಿನಲ್ಲಿ ಕುಳಿತ. ಸೀಟು ಈಗ ಅವನಿಗೆ ಸಾಲುತ್ತಿರಲಿಲ್ಲ.

"ಬೈಯೋದಿದ್ರೆ ಬೈದುಬಿಡು ಮಗಾ" ಎಂದಳು ವರ್ಲೀನ್, ಕನ್ನಡಿಯಲ್ಲೇ ಅವನನ್ನು ನೋಡುತ್ತ. ತಿರುಗಿ ನೋಡುವ ಧೈರ್ಯ ಇರಲಿಲ್ಲ.

"ಬೈದು ಏನ್ ಮಾಡ್ಲಿ, ಮಿಸ್ ವರ್ಲೀನ್? ಆ ಸ್ಕೌಟ್ ಕಡೆಯವರು ಕಾಲೇಜಿಗೆ ಫೋನ್ ಮಾಡಿದ್ರು. ಡಾಕ್ಟರು ಎಕ್ಸ್‌ರೇ ತೆಗೆದ್ರು. ಎಲುಬು ಪೂರ್ತಿ ಕೂಡಿಕೊಂಡೇ ಇಲ್ವಂತೆ. ಇಷ್ಟು ವರ್ಷ ಹೇಗೆ ಓಡಿದೆ ಅಂತ ಅವರೇ ಬಾಯಿ ಬಿಟ್ಕೊಂಡು ನೋಡ್ತಾರೆ. ಈಗ ಸ್ಕ್ರೂ ಹಾಕಿದ್ರೆ ಈ ಸೀಸನ್ ಹೋಯ್ತು. ಹಾಕದೇ ಆಡಿದ್ರೆ..." ಅವನು ಭುಜ ಕುಣಿಸಿದ. "ಆಡಬಹುದು. ಮುರಿಯೋ ತನಕ. ಆಡಿ ತೋರಿಸಿದ್ರೆ ಯಾರಾದ್ರೂ ಒಬ್ಬರು ಕಣ್ಣು ಮುಚ್ಚಿ ತಗೋತಾರೆ. ಆಡ್ತೀನಾ ಇಲ್ವಾ ಅಂತ ನಾಳೆ ಕಾಲೇಜಿನವರಿಗೆ ಹೇಳಬೇಕು ನಾನು."

"ಊರವರು ಏನಂತಾರೆ?"

"ಆಡು ಅಂತಾರೆ. ಹೊಸಿಯಾ ಮಾವ ಅಂತೂ, ಅವತ್ತು ಆಡಿದೋನು ಇವತ್ತು ಆಡಲ್ವಾ ಅಂತಾನೆ." ಸ್ವಲ್ಪ ತಡೆದು, "ನೀವೂ ಆಡು ಅಂದುಬಿಡಿ. ನೀವು ಹೇಳಿದ್ರೆ ನನಗೆ ಧೈರ್ಯ" ಎಂದ.

ವರ್ಲೀನ್ ಕನ್ನಡಿಯಿಂದ ಕಣ್ಣು ತೆಗೆದು, ಒರೆಸಿದ್ದ ಸ್ಟಿಯರಿಂಗನ್ನೇ ಮತ್ತೆ ಒರೆಸಿದಳು.

"ಡಾಕ್ಟರು ಒಂದು ಮಾತು ಹೇಳಿದ್ರು" ಎಂದ ಜಾರ್ವನ್, ಕಿಟಕಿಯ ಹೊರಗೆ ನೋಡುತ್ತ. "ಅವತ್ತು ರಾತ್ರೀನೇ ಯಾರಾದ್ರೂ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರೆ, ಪಟ್ಟಿ ಹಾಕಿ ಕೂರಿಸಿದ್ರೆ ಸಾಕಿತ್ತಂತೆ."

ಅವನು ಆಕ್ಷೇಪಣೆಗೆಂದು ಹೇಳಿದ್ದಲ್ಲ. ಆದರೆ ವರ್ಲೀನ್‌ಗೆ ಆ ರಾತ್ರಿ ಇದ್ದಕ್ಕಿದ್ದಂತೆ ಇದ್ದ ಹಾಗೆಯೇ ಕಂಡಿತು. ಮೊದಲನೆಯ ಸೀಟಿನಲ್ಲಿ ಐಸ್ ತುಂಬಿದ ಚೀಲದ ಮೇಲೆ ಊದಿದ ಕಾಲು. ಹಲ್ಲು ಕಚ್ಚಿ ನಗುತ್ತಿದ್ದ ಹುಡುಗ. ಎಡಕ್ಕೆ ಆಸ್ಪತ್ರೆಯ ಕೆಂಪು ದೀಪ. ಎಡಕ್ಕೆ ತಿರುಗಿಸಿದ್ದರೆ ಬಾಗಿಲಲ್ಲೇ ಇಳಿಸಬಹುದಿತ್ತು. ಅವಳ ಎರಡೂ ಕೈ ಹಾರ್ನ್ ಮೇಲಿದ್ದವು. ಇಷ್ಟು ದಿನ ಸ್ಕೌಟ್ ಎದುರು ಬಾಯಿ ಬಿಟ್ಟದ್ದೇ ತಪ್ಪೆಂದು ಕೊರಗುತ್ತಿದ್ದಳಲ್ಲ, ಅದು ತಪ್ಪೇ ಅಲ್ಲ. ತಪ್ಪು ಅದಕ್ಕೂ ಎಷ್ಟೋ ಹಿಂದಿನದು, ಮತ್ತು ಅದನ್ನೇ ಅವಳು ನಾಲ್ಕು ವರ್ಷದಿಂದ ಊರ ತುಂಬ ಹೊಗಳಿಕೊಂಡು ಬಂದಿದ್ದಳು. ತನ್ನ ಮೇಲೆ ಅವಳಿಗೆ ಅಸಹ್ಯ ಬಂತು.

ಎದ್ದು ಅವನ ಸೀಟಿನ ಬಳಿ ಹೋದಳು. "ಶೂ ಬಿಚ್ಚು."

"ಬಸ್ಸಲ್ಲಾ?"

"ಬಿಚ್ಚೋ ಅಂದೆ."

ಬಿಚ್ಚಿದ. ಅವಳು ಮೊಣಕಾಲೂರಿ ಕುಳಿತು, ಪಾದದ ಹೊರಬದಿಯನ್ನು ಹೆಬ್ಬೆರಳಿನಿಂದ ಒತ್ತಿದಳು. ಮೈಮೇಲೆ ಮೂರು ಜನ ಬಿದ್ದರೂ ಚೆಂಡು ಬಿಡದವನು ಸೀಟಿನಿಂದ ಅರ್ಧ ಎದ್ದುಬಿಟ್ಟ; ಕಣ್ಣಲ್ಲಿ ನೀರು ಬಂತು.

"ಇದು ಆಡೋ ಕಾಲಲ್ಲ ಕಣೋ. ಹೊಸಿಯಾ ತನ್ನ ಕಾಲಲ್ಲಿ ಹೋಗಿ ಆಡ್ಲಿ. ಅವತ್ತು ಆಸ್ಪತ್ರೆ ಮುಂದೆ ಹಾರ್ನ್ ಹೊಡ್ಕೊಂಡು ನಿನ್ನನ್ನ ದಾಟಿಸಿಕೊಂಡು ಬಂದೋಳು ನಾನು. ಇನ್ನೊಂದ್ಸಲ ದಾಟಿಸಲ್ಲ."

ಅವನು ಶೂ ಹಾಕಿಕೊಳ್ಳದೆ, ಕೈಯಲ್ಲೇ ಹಿಡಿದುಕೊಂಡು ಇಳಿದು ಹೋದ.

ಸೆಪ್ಟೆಂಬರ್ ಮೊದಲ ಶನಿವಾರ ಚರ್ಚಿನ ಹಾಲಿನಲ್ಲಿ ಊರೆಲ್ಲ ಸೇರಿ ಕಾಲೇಜಿನ ಮೊದಲ ಆಟ ನೋಡಿತು. ಜಾರ್ವನ್ ಗೆರೆಯ ಹೊರಗೆ, ಸ್ಕ್ರೂ ಹಾಕಿಸಿದ ಎಡಗಾಲಿಗೆ ಮೊಣಕಾಲಿನವರೆಗೆ ಕಪ್ಪು ಪಟ್ಟಿಯ ಬೂಟು ಹಾಕಿಕೊಂಡು ನಿಂತಿದ್ದ. ಟೀವಿಯ ಪಂಡಿತರು ಒಂದೇ ಒಂದು ಸಲ ಅವನ ಹೆಸರು ಹೇಳಿದರು. ಬಾಕಿ ಉಳಿದ ವರ್ಷವನ್ನು ಮುಂದಿನ ಸೀಸನ್ನಿನಲ್ಲಿ ಆಡಬಹುದು, ಆದರೆ ಈ ಡ್ರಾಫ್ಟ್‌ನ ಸಾಲಿನಲ್ಲಿ ಅವನಿಲ್ಲ ಎಂದು ಹೇಳಿ ಬೇರೆ ರಿಸೀವರುಗಳ ಕಡೆ ತಿರುಗಿದರು. ಹೊಸ ಕ್ವಾರ್ಟರ್‌ಬ್ಯಾಕ್ ನೆಟ್ಟಗೇ ಎಸೆಯುತ್ತಿದ್ದ. ಜಾರ್ವನ್‌ಗೆ ಬರಬೇಕಾದ ಚೆಂಡುಗಳನ್ನು ಇನ್ಯಾರೋ ಹಿಡಿದರು.

"ಹಿಂದಿನ ಕಾಲ ಆಗಿದ್ರೆ ಆಡೇ ಆಡ್ತಿದ್ದ" ಎಂದು ಹೊಸಿಯಾ ಗೊಣಗಿದ.

"ಬಾಯಿ ಮುಚ್ಚು, ಹೊಸಿಯಾ" ಎಂದಳು ರೆನೀಟಾ. ಸೋಮವಾರ ಬೆಳಗ್ಗೆ ಅವಳು ಎಂದಿನಂತೆ ಕಾರ್ಖಾನೆಗೆ ಹೋಗಬೇಕಿತ್ತು. ಪಕ್ಕದಲ್ಲಿದ್ದ ವರ್ಲೀನ್‌ಳ ಕಡೆ ಅವಳು ನೋಡಲಿಲ್ಲ, ಆದರೆ ಕುರ್ಚಿಯನ್ನು ದೂರಕ್ಕೂ ಸರಿಸಲಿಲ್ಲ.

ಆಮೇಲಿನ ಶುಕ್ರವಾರ ಶಾಲೆಯ ತಂಡ ಪರ ಊರಿನಲ್ಲಿ ಗೆದ್ದಿತು. ಬಸ್ಸು ಕುಣಿಯುತ್ತ ಬಂತು. ನೀರಿನ ಟ್ಯಾಂಕು ಕಂಡಿತು. ಹಾರ್ನ್ ಇಲ್ಲ.

"ಮಿಸ್ ವರ್ಲೀನ್! ಹಾರ್ನ್! ಹಾರ್ನ್ ಹೊಡೀರಿ!"

ವರ್ಲೀನ್ ಎಡಕ್ಕೆ ತಿರುಗಿಸಿದಳು. ಆಸ್ಪತ್ರೆಯ ಕೆಂಪು ದೀಪದ ಕೆಳಗೆ ಬಸ್ಸು ನಿಲ್ಲಿಸಿ, ಒಳಗಿನ ದೀಪ ಹಾಕಿದಳು. ಕೋಚ್ ಎದ್ದು, "ಏನಾಗಿದೆ ನಿನಗೆ? ಊರೆಲ್ಲ ರಸ್ತೇಲಿ ಕಾಯ್ತಿದೆ!" ಎಂದು ಕೂಗಿದ.

"ಕಾಯ್ಲಿ. ಎಲ್ಲರೂ ಶೂ ಬಿಚ್ಚಿ."

ಯಾರಿಗೂ ನಂಬಿಕೆ ಬರಲಿಲ್ಲ. ಅವಳು ಮತ್ತೊಮ್ಮೆ ಕಿರುಚಿದ ಮೇಲೆ ಒಬ್ಬೊಬ್ಬರಾಗಿ ಬಿಚ್ಚಿದರು. ನಾತಕ್ಕೆ ಕೋಚ್ ಕಿಟಕಿ ತೆಗೆದು ತಲೆ ಹೊರಗೆ ಹಾಕಿದ. ಹುಡುಗರು ಮೂಗು ಮುಚ್ಚಿಕೊಂಡು ಒಬ್ಬರನ್ನೊಬ್ಬರು ತಳ್ಳಾಡಿ ನಕ್ಕರು. ವರ್ಲೀನ್ ಮೂಗು ಮುಚ್ಚಲಿಲ್ಲ. ನಡುವಿನ ದಾರಿಯಲ್ಲಿ ಪಾದಗಳನ್ನು ನೋಡುತ್ತ ಹೋದಳು.

ಕೊನೆಯ ಸೀಟಿನಲ್ಲಿ ಒಬ್ಬ ಮಾತ್ರ ಬಿಚ್ಚಿರಲಿಲ್ಲ. "ನನಗೇನೂ ಆಗಿಲ್ಲ ಮಿಸ್ ವರ್ಲೀನ್, ಆರಾಮಾಗಿದೀನಿ" ಎಂದು ನಗುತ್ತಿದ್ದ, ಹಲ್ಲು ಕಚ್ಚಿಕೊಂಡು.

ವರ್ಲೀನ್ ಹಿಂತಿರುಗಿ ಬಂದು, ತನ್ನ ಸೀಟಿನ ಮೇಲೆ ನೇತುಹಾಕಿದ್ದ ಬೆಲ್ಟ್ ಕೊಯ್ಯುವ ಚಾಕು ತೆಗೆದುಕೊಂಡಳು.