ವಾಸಣ್ಣನ ಬೆನ್ನಿಗೊಂದು ಸೂಜಿ

ಸಾಗರದ ಆ ಚಿಕ್ಕ ಆಸ್ಪತ್ರೆಯ ಕೋಣೆಯಲ್ಲಿ ಅಂದು ಇದ್ದವರು ಐದು ಜನ: ಡಾಕ್ಟರು, ಒಬ್ಬ ನರ್ಸಮ್ಮ, ಮೇಜಿನ ಮೇಲೆ ಬೋರಲು ಮಲಗಿದ್ದ ಟೈಲರ್ ವಾಸಣ್ಣ, ಅವರ ಹೆಂಡತಿ ಗಿರಿಜಕ್ಕ, ಮತ್ತೆ ನಾನು. ಬೆನ್ನುಹುರಿಯ ಹತ್ತಿರ ಚುಚ್ಚಬೇಕಾದ ಉದ್ದನೆಯ ಸೂಜಿಯನ್ನು ನರ್ಸಮ್ಮ ಕುದಿಸಲು ಒಯ್ಯುತ್ತಿದ್ದರು. ವಾಸಣ್ಣ ಮಲಗಿದಲ್ಲಿಂದಲೇ ಕೈ ಚಾಚಿದರು.

"ಅಮ್ಮಾ, ಅದನ್ನ ಒಂದ್ಸಲ ಇಲ್ಲಿ ಕೊಡಿ."

ಅಂಗೈಯಲ್ಲಿ ಮುದುಡಿ ಹಿಡಿದಿದ್ದ ತೆಳು ಮಲ್‌ಬಟ್ಟೆಯ ಚೂರಿಗೆ ಸೂಜಿ ಚುಚ್ಚಿ ಎಳೆದರು. ಮೊನೆಗೆ ಎಳೆಯೊಂದು ಸಿಕ್ಕಿಕೊಂಡು ಹೊರಬಂತು.

"ನೋಡಿ ಡಾಕ್ಟ್ರೇ, ಮೊನೆ ಕೊಕ್ಕೆಯಾಗಿದೆ. ಇದ್ರಲ್ಲಿ ನಾನು ಗೋಣಿಚೀಲನೂ ಹೊಲಿಯಲ್ಲ. ಬೇರೆ ತೆಗೀರಿ."

ಡಾಕ್ಟರು ಕನ್ನಡಕ ಏರಿಸಿ ನೋಡಿದರು. ನಿಜ. ಬೀರುವಿನಿಂದ ಹೊಸದೊಂದನ್ನು ತೆಗೆಸಿದರು. ಅದು ಒಂದೆಳೆಯನ್ನೂ ಎಬ್ಬಿಸದೆ ಬಟ್ಟೆಯೊಳಗೆ ಹಾದುಹೋಯಿತು.

"ಹ್ಞಾ, ಇದು ಪಾಸು. ಇನ್ನು ಕುದಿಸ್ಕಳಿ."

ಗಿರಿಜಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಳುವೋ ನಗುವೋ, ನನಗಂತೂ ತಿಳಿಯಲಿಲ್ಲ.

ಅರವತ್ತರ ದಶಕದ ತೀರ್ಥಹಳ್ಳಿಯಲ್ಲಿ ವಾಸಣ್ಣನ ಅಂಗಡಿ ಎಂದರೆ ಒಂದು ಮಿಷನ್ನು, ಬಟ್ಟೆ ಕತ್ತರಿಸುವ ಒಂದು ಹಲಗೆ, ಮತ್ತೆ ಅವರ ಬಾಯಿ. ನಾನು ಹೊಸದಾಗಿ ಮೇಷ್ಟರಾಗಿ ಬಂದವನು, ಎದುರಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಬಟ್ಟೆ ಕೇಳಿ ಬಂದವರಿಗೆಲ್ಲ ಅವರ ಉತ್ತರ ಒಂದೇ: "ಆಯ್ತು ಮಾರಾಯ್ರೇ, ಕಾಜಾ ಒಂದೇ ಬಾಕಿ." ಅಂದರೆ ಗುಂಡಿ ತೂರಿಸುವ ತೂತು ಹೊಲಿಯುವುದಷ್ಟೇ ಉಳಿದಿದೆ ಎಂದು. ಬಟ್ಟೆಯ ಗಂಟು ಮಾತ್ರ ತಂದ ಹಾಗೇ ಮೂಲೆಯಲ್ಲಿರುತ್ತಿತ್ತು. ಹತ್ತಿರದ ಮೇಳಿಗೆಯ ಮದುಮಗನೊಬ್ಬ ಹೊಸ ಕೋಟಿಗೆ ಕಾದು ಕಾದು, ಕೊನೆಗೆ ಭಾವನ ಕೋಟಿನಲ್ಲೇ ಧಾರೆಗೆ ನಿಂತ. ವಾಸಣ್ಣ ಆ ಮದುವೆಗೂ ಹೋದರು, ಊಟ ಮಾಡಿದರು, ಮದುಮಗನ ಬೆನ್ನು ತಡವಿ, "ತೋಳು ಸ್ವಲ್ಪ ಉದ್ದ ಆಯ್ತಲ್ಲಾ, ಯಾರು ಹೊಲಿದಿದ್ದು?" ಎಂದು ಕೇಳಿಯೂ ಬಂದರು!

ಇಪ್ಪತ್ತು ವರ್ಷ ಬಗ್ಗಿ ಹೊಲಿದ ಬೆನ್ನು ಒಂದು ದಿನ ಕೈಕೊಟ್ಟಿತು. ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಯಿತು. ಗಾಯ ಕೀವಾಗಿ ಹೊಲಿಗೆ ಬಿಚ್ಚಿತು. ಎಡಪಾದಕ್ಕೆ ಹಿಡಿದ ಜೋಮು ಬಿಡಲೇ ಇಲ್ಲ. ನೋವು ಇದ್ದಲ್ಲೇ ಇತ್ತು; ಕೂತರೆ ಐದು ನಿಮಿಷಕ್ಕೆ ಏಳಬೇಕು. ಕೂರಲಾರದವನು ಮಿಷನ್ ತುಳಿಯುವುದು ಹೇಗೆ?

"ಅಲ್ಲಿನ ಡಾಕ್ಟ್ರು ನಮ್ಮ ಕಸುಬಿನೋರೇ ಮೇಷ್ಟ್ರೇ. ಇನ್ನೊಂದು ವಾರ, ಇನ್ನೊಂದು ವಾರ ಅಂತ ಆರು ತಿಂಗ್ಳು ಓಡಿಸಿದ್ರು. ಕಾಜಾ ಒಂದೇ ಬಾಕಿ ಅನ್ನೋ ಮಾತು ಇದು ಅಂತ ನಂಗೆ ಮೊದಲ್ನೇ ವಾರನೇ ಗೊತ್ತಾಯ್ತು."

ಸಾಗರದಲ್ಲೊಬ್ಬ ಡಾಕ್ಟರು ಬೆನ್ನಿಗೇ ಇಂಜೆಕ್ಷನ್ ಕೊಡುತ್ತಾರೆಂದು ಕೇಳಿ, ಹೊಸನಗರದ ಮೇಲೆ ಹೋಗುವ ಬಸ್ಸು ಹತ್ತಿದೆವು. ವಾಸಣ್ಣ ದಾರಿಯುದ್ದಕ್ಕೂ ನಿಂತೇ ಬಂದರು. ಹೊಸನಗರದಲ್ಲಿ ಹತ್ತಿದ ಹೆಂಗಸೊಬ್ಬರು ಅವರನ್ನೇ ಕಂಡಕ್ಟರೆಂದು ತಿಳಿದು ಟಿಕೆಟ್ ಕೇಳಿದರು. "ಆಯ್ತಮ್ಮಾ, ಹರಿಯೋದೊಂದೇ ಬಾಕಿ" ಎಂದರು ವಾಸಣ್ಣ.

ಡಾಕ್ಟರು ಹಳೆಯ ಕಾಗದಗಳನ್ನೆಲ್ಲ ಓದಿ ನೇರವಾಗಿ ಹೇಳಿದರು: "ನೋವು ಕಡಿಮೆ ಆಗಬಹುದು, ಆಗದೆನೂ ಇರಬಹುದು. ಆದ್ರೂ ಕೆಲವು ತಿಂಗಳು, ಅಷ್ಟೇ. ಪಾದದ ಜೋಮು ಹೋಗಲ್ಲ. ಒಂದ್ಸಲ ಕೀವಾದ ಜಾಗ, ಮತ್ತೆ ಆಗೋ ಭಯ ಇದ್ದೇ ಇದೆ. ಯೋಚನೆ ಮಾಡಿ."

ಗಿರಿಜಕ್ಕ ಎದ್ದೇ ನಿಂತರು. "ಬ್ಯಾಡ, ಬನ್ನಿ ಹೋಗಣ. ಒಂದು ಕಾಲು ಹಾಳಾಗಿದ್ದು ಸಾಲ್ದಾ? ಇನ್ನೊಂದೂ ಹೋದ್ರೆ ನಿಮ್ಮನ್ನ ಎತ್ತೋರು ಯಾರು?"

"ನೀನಿಲ್ವೇನೇ?"

"ನಂಗೂ ಒಂದು ಬೆನ್ನಿದೆ!"

ವಾಸಣ್ಣ ನಗಲಿಲ್ಲ. ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. "ಗಿರಿಜಾ, ಇಪ್ಪತ್ತು ವರ್ಷ ಗಿರಾಕಿಗಳಿಗೆ ಸುಳ್ಳು ಹೇಳ್ದೋನು ನಾನು. ಸುಳ್ಳಿನ ಅಳತೆ ನಂಗೆ ಟೇಪಿಲ್ದೆ ಸಿಗತ್ತೆ. ಈ ಮನುಷ್ಯ ಒಂದು ತಾರೀಕೂ ಕೊಡ್ಲಿಲ್ಲ ನೋಡು. ಇವ್ರ ಕೈಗೆ ಬೆನ್ನು ಕೊಡಬಹುದು."

ಡಾಕ್ಟರು ನಗು ತಡೆದುಕೊಂಡು ಮೇಜು ತೋರಿಸಿದರು. ಮಲ್‌ಬಟ್ಟೆಯ ಪರೀಕ್ಷೆ ನಡೆದದ್ದು ಆಮೇಲೆ.

ಇಂಜೆಕ್ಷನ್ ಆಗಿ ಒಂದು ವಾರಕ್ಕೆ ವಾಸಣ್ಣ ಮಿಷನ್ನಿನ ಮುಂದೆ ಕೂತರು. ಕೂತವರೇ ಗಿರಿಜಕ್ಕನನ್ನು ಕರೆದು ಪಕ್ಕದ ಸ್ಟೂಲಿನಲ್ಲಿ ಕೂರಿಸಿಕೊಂಡು, ತುಳಿಯುವುದನ್ನು ಕಲಿಸತೊಡಗಿದರು.

"ಡೊಂಕು ಹೋಗ್ತಿದೆ ಕಣೇ! ಗಿರಾಕಿ ಅಂಗಿ ಅದು, ಬಾಳೆಲೆ ಅಲ್ಲ!"

"ನೀವು ಬೈದ್ರೆ ನನ್ನ ಕಾಲು ನಿಲ್ಲತ್ತೆ. ಸುಮ್ನಿರಿ."

"ಸುಮ್ನಿರಕ್ಕೆ ಪುರಸೊತ್ತಿಲ್ಲ. ನೋವು ಮತ್ತೆ ಬರೋದ್ರೊಳಗೆ ನಿನ್ನ ಪಾಠ ಕಾಲರ್‌ವರೆಗೆ ಮುಟ್ಟಬೇಕು."

ಕಾಲರ್‌ವರೆಗೆ ಮುಟ್ಟಿದರು. ಐದನೆಯ ತಿಂಗಳು ನೋವು ಮರಳಿ ಬಂತು. ಎರಡನೆಯ ಇಂಜೆಕ್ಷನ್ನಿಗೆ ವಾಸಣ್ಣ ಹೋಗಲಿಲ್ಲ. ಅಂದಿನಿಂದ ಅವರು ಹಲಗೆಯ ಮುಂದೆ ನಿಂತು ಕತ್ತರಿಸುವುದು, ಗಿರಿಜಕ್ಕ ಕೂತು ಹೊಲಿಯುವುದು ಎಂದಾಯಿತು. ಹೀಗೆ ಮೂರು ವರ್ಷ ನಡೆಯಿತು. ಒಂದು ಚಳಿಗಾಲದಲ್ಲಿ ಜ್ವರ ಬಂದು, ನಾಲ್ಕೇ ದಿನಕ್ಕೆ ವಾಸಣ್ಣ ತೀರಿಕೊಂಡರು.

ಹದಿಮೂರನೆಯ ದಿನದ ಕಾರ್ಯ ಮುಗಿದ ಮಾರನೆಯ ಬೆಳಿಗ್ಗೆ ಗಿರಿಜಕ್ಕ ಅಂಗಡಿ ತೆರೆದರು. ಗಂಡ ಕತ್ತರಿಸಿಟ್ಟು ಹೋಗಿದ್ದ ಎರಡು ಅಂಗಿಗಳನ್ನು ಮಧ್ಯಾಹ್ನದೊಳಗೆ ಹೊಲಿದು ಮಡಿಸಿಟ್ಟರು. ಆಮೇಲೆ ಇನ್ನೊಬ್ಬ ಗಿರಾಕಿಯ ಬಟ್ಟೆಯನ್ನು ಹಲಗೆಯ ಮೇಲೆ ಹಾಸಿ, ಸೀಮೆಸುಣ್ಣದ ಗೆರೆ ಎಳೆದು, ತಾವೇ ಕತ್ತರಿ ಇಟ್ಟರು.